ಎರಡು ಲಿನಕ್ಸ್, ಒಂದು ಹಗೇವು

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ಲಿನಕ್ಸ್‌ಗಳಿವೆ. ಒಂದು ನನ್ನದು, ಡೆಬಿಯನ್. ಇನ್ನೊಂದು ಮಗಳದು, ಉಬುಂಟು. ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಪುಟ್ಟ ಪಟ್ಟಿಯೊಂದು ಬಂದು ಯಾವುದು ಬೇಕು ಎಂದು ಕೇಳುತ್ತದೆ. ಕೆಲವು ಸೆಕೆಂಡು ಸುಮ್ಮನಿದ್ದರೆ ಮೊದಲನೆಯದನ್ನು ತಾನೇ ತೆರೆದುಕೊಳ್ಳುತ್ತದೆ. ಪಟ್ಟಿಯಲ್ಲಿ ಮೊದಲು ಯಾರ ಹೆಸರಿರಬೇಕು ಎಂಬ ಬಗ್ಗೆ ನಮ್ಮಿಬ್ಬರ ನಡುವೆ ಒಂದು ಸಣ್ಣ ವ್ಯಾಜ್ಯ ನಡೆದು, ಕೊನೆಗೆ ಹಿರಿತನಕ್ಕೆ ಬೆಲೆ ಸಿಕ್ಕಿತು.

ಒಂದೇ ಸಾಲದೇ ಎಂದು ನೀವು ಕೇಳಬಹುದು. ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ, ರೋಬಾಟ್ ಓಡಿಸುವ ಆರ್‌ಓಎಸ್ ಎಂಬ ತಂತ್ರಾಂಶ ಅವಳಿಗೆ ಬೇಕು. ಅದರ ಒಂದೊಂದು ಆವೃತ್ತಿಯೂ ಉಬುಂಟುವಿನ ಒಂದೊಂದು ಆವೃತ್ತಿಗೆ ಗಂಟು ಹಾಕಿಕೊಂಡಿರುತ್ತದೆ. ಹಂಬಲ್ ಬೇಕೆಂದರೆ 22.04, ಜಾಜಿ ಬೇಕೆಂದರೆ 24.04. ನನಗೋ ನಿನ್ನೆ ಇದ್ದದ್ದು ಇವತ್ತೂ ಇದ್ದಲ್ಲೇ ಇರಬೇಕು. ಡೆಬಿಯನ್ ಆ ವಿಷಯದಲ್ಲಿ ನಮ್ಮೂರ ಶಾನುಭೋಗರ ಹಾಗೆ, ಹೊಸತನ್ನು ಸುಲಭಕ್ಕೆ ಒಪ್ಪುವುದಿಲ್ಲ. ಎರಡು ಕಂಪ್ಯೂಟರ್ ಕೊಳ್ಳುವ ಬದಲು ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ, ಮಗಳು ತೆಲುಗಿನಲ್ಲಿ, ನಾನು ದಖನಿಯಲ್ಲಿ ಚೌಕಾಸಿ ಮಾಡಿ, ಒಂದೇ ಪೆಟ್ಟಿಗೆಗೆ ಸಾಮಾನು ತಂದೆವು. 500 ಜಿಬಿಯ ಎಸ್‌ಎಸ್‌ಡಿಯಲ್ಲಿ ಅರ್ಧ ಅವಳಿಗೆ, ಅರ್ಧ ನನಗೆ. ಹಾಡು, ಫೋಟೊ, ಸಿನಿಮಾಗಳಿಗೆಂದು 2 ಟಿಬಿಯ ಹಾರ್ಡ್ ಡಿಸ್ಕ್ ಬೇರೆ.

ಆ ದೊಡ್ಡ ಡಿಸ್ಕಿನಲ್ಲಿರುವುದನ್ನು ಹಾಲಿನ ಟೀವಿಗೆ ಬಡಿಸುವ ಕೆಲಸ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರಿನದು. ಗೊತ್ತಿಲ್ಲದವರಿಗೆ ಒಂದು ಮಾತು: ನಿಮ್ಮ ಬಳಿ ಇರುವ ಹಾಡು, ಸಿನಿಮಾ ಕಡತಗಳನ್ನು ಅದು ಓದಿ, ಹೆಸರು, ಚಿತ್ರ, ಹಾಡಿದವರು ಯಾರು ಎಂಬುದನ್ನೆಲ್ಲ ಜೋಡಿಸಿ, ಮನೆಯ ವೈಫೈ ಮೂಲಕ ಟೀವಿಗೂ ಫೋನಿಗೂ ತೋರಿಸುತ್ತದೆ. ಹುಟ್ಟಿನಲ್ಲೇ ಅದಕ್ಕೊಂದು ಪಾಲಿನ ಕತೆಯಿದೆ. ಎಂಬಿ ಎಂಬ ಸರ್ವರ್ ಮೊದಲು ಎಲ್ಲರಿಗೂ ತೆರೆದ ತಂತ್ರಾಂಶವಾಗಿತ್ತು. ಅದರ ಒಡೆಯರು ಬಾಗಿಲು ಮುಚ್ಚಿಕೊಂಡಾಗ, 2018ರ ಡಿಸೆಂಬರಿನಲ್ಲಿ, ಕೆಲವರು ಅಲ್ಲಿಯವರೆಗಿನ ಕೋಡ್ ತೆಗೆದುಕೊಂಡು ಬೇರೆ ಒಲೆ ಹೂಡಿದರು. ಅದೇ ಜೆಲ್ಲಿಫಿನ್. ದುಡ್ಡು ಕೇಳುವುದಿಲ್ಲ, ನಾವು ಏನು ಕೇಳುತ್ತೇವೆ ಎಂದು ಯಾರಿಗೂ ಹೇಳುವುದಿಲ್ಲ.

ಅಪ್ಪ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯವರು. ಅವ್ವ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ, ಮಹಬೂಬ್‌ನಗರದ ಮೇಲೆ ಹಾಯ್ದು ಕೂಕಟ್‌ಪಲ್ಲಿಯ ನಮ್ಮ ಮನೆಗೆ ಬಂದರು. ಬರುವಾಗ ತಂದದ್ದು ಎರಡು ಚೀಲ: ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ 38 ಕ್ಯಾಸೆಟ್. ಅಂಗಡಿಯಲ್ಲಿ ಕೊಂಡವಲ್ಲ, ಊರಿನಲ್ಲೇ ಟೇಪ್ ರೆಕಾರ್ಡರ್ ಇಟ್ಟು ಮಾಡಿಕೊಂಡವು. ಓಣಿಯ ಹೆಂಗಸರ ಬೀಸುವ ಪದ, ಮಠದ ಭಜನೆ, ತತ್ವಪದ, ಮೊಹರಂ ಹಬ್ಬದಲ್ಲಿ ಹಾಡುವ ರಿವಾಯತ್ ಪದ. ಹೆಚ್ಚಿನವುಗಳ ಮೇಲೆ ಹೆಸರಿಲ್ಲ. ಇದ್ದ ಚೀಟಿಗಳನ್ನು ಗೆದ್ದಲು ತಿಂದಿತ್ತು.

ಕೋಠಿಯ ಗುಜರಾತಿ ಗಲ್ಲಿಯಲ್ಲಿ ಹಳೆಯ ಟೇಪ್ ರೆಕಾರ್ಡರಿಗೆ ಬೆಲ್ಟ್ ಹಾಕಿಸಿಕೊಂಡು ಬಂದು, ವೈರು ಚುಚ್ಚಿ, ಒಂದೊಂದೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆವು. ಇದರಲ್ಲಿ ಅವಸರ ನಡೆಯುವುದಿಲ್ಲ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. ಸೀಡಿ ಗುಣಮಟ್ಟದಲ್ಲಿ ಇಳಿಸಿದರೆ ಗಂಟೆಗೆ ಸುಮಾರು 600 ಎಂಬಿ ಜಾಗ ಹಿಡಿಯುತ್ತದೆ, ಫ್ಲ್ಯಾಕ್ ಮಾಡಿ ಮಡಚಿದರೆ ಹೆಚ್ಚುಕಡಿಮೆ ಅದರ ಅರ್ಧ, ಅದೂ ಒಂದು ಉಸಿರೂ ಕಳೆಯದೆ. ಎಲ್ಲ ಸೇರಿ 57 ಗಂಟೆ.

ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಹಾಡು ಕೇಳುತ್ತ ಅಪ್ಪ ದನಿ ಗುರುತಿಸುತ್ತಿದ್ದರು, ನಾನು ಜೆಲ್ಲಿಫಿನ್ನಿನಲ್ಲಿ ಹೆಸರು ಬರೆಯುತ್ತಿದ್ದೆ. "ಇದು ನಿಮ್ಮ ಸಣ್ಣವ್ವ ಹಾಡಿದ್ದಲ್ಲ, ಆಕಿ ದನಿ ಇಷ್ಟು ದಪ್ಪ ಇಲ್ಲ. ಇದು ಮ್ಯಾಗಿನ ಓಣಿ ಆಕಿ, ಭಾವ್ಯಾಗಿನ ನೀರು ಸೇದುವಾಗೂ ಇದನ್ನೇ ಹಾಡ್ತಿದ್ಲು" ಎನ್ನುತ್ತಿದ್ದರು. ಯಾರು ಹಾಡಿದ್ದು, ಯಾರ ಮದುವೆ, ಮಳೆ ಬಾರದ ಯಾವ ವರ್ಷ, ಹಿಂದೆ ದಪ್ಪು ಬಾರಿಸುತ್ತಿದ್ದವನು ಯಾರ ಮಗ. ದನಿಗಳು ಕ್ಯಾಸೆಟ್ಟಿನಲ್ಲಿದ್ದವು, ದನಿಗಳ ಹೆಸರು ಮಾತ್ರ 82 ವರ್ಷದ ಒಂದೇ ತಲೆಯಲ್ಲಿತ್ತು. ಊರಲ್ಲಿ ಈಗ ಕೇಳೋಣವೆಂದರೆ ಹೇಳುವವರು ಉಳಿದಿಲ್ಲ.

ಇಲ್ಲಿ ಎರಡು ಲಿನಕ್ಸ್‌ಗಳ ತಕರಾರು ಶುರುವಾಯಿತು. ಹಾಡುಗಳಿದ್ದ ಡಿಸ್ಕನ್ನು ಎರಡೂ ಓದುತ್ತಿದ್ದವು. ಮಗಳು ತನ್ನ ಉಬುಂಟುವಿನಲ್ಲೂ ಜೆಲ್ಲಿಫಿನ್ ಹಾಕಿಕೊಂಡು, ತಾತನಿಗೆ ಅನುಕೂಲವಾಗಲೆಂದು ಟೀವಿಯಲ್ಲಿ ಅದನ್ನೂ ಸೇರಿಸಿದ್ದಳು. ಮೇಲ್ನೋಟಕ್ಕೆ ಎರಡೂ ಒಂದೇ: ಅದೇ ನೀಲಿ ಬಣ್ಣ, ಅದೇ ಹಾಡುಗಳು. ಆದರೆ ನಾವು ಬರೆದ ಹೆಸರುಗಳು, ಅಪ್ಪ ಒತ್ತಿದ ಹೃದಯದ ಗುರುತುಗಳು, ಮಾಡಿಕೊಂಡ ಪಟ್ಟಿಗಳು ಹಾಡಿನ ಡಿಸ್ಕಿನಲ್ಲಿ ಇರಲಿಲ್ಲ. ಅವು ಡೆಬಿಯನ್ನಿನ ಹೊಟ್ಟೆಯಲ್ಲಿ, ಜೆಲ್ಲಿಫಿನ್ ತನಗಾಗಿ ಇಟ್ಟುಕೊಳ್ಳುವ ಡೇಟಾಬೇಸಿನಲ್ಲಿದ್ದವು. ಮಗಳು ಓದಲು ಕೂತ ದಿನ ಕಂಪ್ಯೂಟರ್ ಉಬುಂಟುವಿನಲ್ಲಿ ಇರುತ್ತಿತ್ತು. ಆ ದಿನ ಟೀವಿಯಲ್ಲಿ ಎಲ್ಲ ಹೆಸರೂ ಮಾಯವಾಗಿ "ಕ್ಯಾಸೆಟ್ 14, ಎರಡನೇ ಮಗ್ಗುಲು" ಎಂದಷ್ಟೇ ಕಾಣುತ್ತಿತ್ತು.

ಅಪ್ಪ ಕೆಲವು ದಿನ ಏನೂ ಅನ್ನಲಿಲ್ಲ. ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ರಿಮೋಟು ಕೈಯಲ್ಲಿ ಹಿಡಿದು ಕೂತಿದ್ದರು. ಮೆಲ್ಲಗೆ ಕೇಳಿದರು: "ಅಲ್ಲಪಾ, ಇದರ ಹೆಸರು ನಾ ನಿನಗ ಹೇಳಿದ್ನೋ, ಇಲ್ಲ ಹೇಳಿದಂಗ ನನಗ ಅನಿಸ್ತೋ?"

ಹೇಳಿದ್ದೀರಿ, ನಾನು ಬರೆದುಕೊಂಡಿದ್ದೇನೆ, ಇದು ಕಂಪ್ಯೂಟರಿನ ತೊಂದರೆ ಎಂದೆ. ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ. ಮರೆವಿನ ಭಯ ಇರುವ ವಯಸ್ಸಿನಲ್ಲಿ, ದಿನಕ್ಕೊಂದು ಉತ್ತರ ಕೊಡುವ ಯಂತ್ರವನ್ನು ಎದುರಿಗಿಟ್ಟರೆ ಮನುಷ್ಯ ಯಂತ್ರವನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸಿಕೊಳ್ಳುತ್ತಾನೆ. ಅವತ್ತು ರಾತ್ರಿ ಊಟವಾದ ಮೇಲೆ ಮಗಳನ್ನು ಕರೆದು, ಎರಡು ಜೆಲ್ಲಿಫಿನ್‌ಗಳಿಗೂ ಒಂದೇ ನೆನಪು ಇರುವಂತೆ ಮಾಡಬೇಕು ಎಂದೆ.

ನಮ್ಮ ಕಡೆಯವರಿಗೆ ಹಗೇವು ಗೊತ್ತು: ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ. ಅಣ್ಣತಮ್ಮಂದಿರು ಬೇರೆಯಾಗಿ ಎರಡು ಒಲೆ ಹೂಡಿದರೂ ಹಗೇವು ಒಂದೇ ಇರುವ ಮನೆಗಳನ್ನು ಅಪ್ಪ ನೋಡಿದವರು. ನಮಗೂ ಬೇಕಾದದ್ದು ಅದೇ. ಇದು ಸಾಧ್ಯವಾಗುವುದಕ್ಕೆ ಒಂದು ಅನುಕೂಲವಿದೆ: ಒಂದು ಕಂಪ್ಯೂಟರಿನಲ್ಲಿ ಒಂದು ಹೊತ್ತಿಗೆ ಒಂದೇ ಲಿನಕ್ಸ್ ಎಚ್ಚರವಿರುತ್ತದೆ. ಒಂದೇ ಡೇಟಾಬೇಸನ್ನು ಇಬ್ಬರು ಏಕಕಾಲಕ್ಕೆ ತಿದ್ದಿ ಕೆಡಿಸುವ ಪ್ರಶ್ನೆ ಬರುವುದಿಲ್ಲ. ಆದರೂ ಜಗಳ ಬರುವ ಜಾಗಗಳು ಇದ್ದೇ ಇವೆ. ಮಾಡಬೇಕೆನ್ನುವವರಿಗೆ ಉಪಯೋಗವಾಗಲೆಂದು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ವಿಳಾಸ. ಜೆಲ್ಲಿಫಿನ್ ಪ್ರತಿಯೊಂದು ಹಾಡನ್ನೂ ಅದು ಇರುವ ಪೂರ್ತಿ ದಾರಿಯ ಸಮೇತ ನೆನಪಿಟ್ಟುಕೊಳ್ಳುತ್ತದೆ. ಡೆಬಿಯನ್ನಿನಲ್ಲಿ ಡಿಸ್ಕಿಗೆ ಒಂದು ಹೆಸರು, ಉಬುಂಟುವಿನಲ್ಲಿ ಇನ್ನೊಂದು ಹೆಸರಿದ್ದರೆ, ಅದಕ್ಕೆ ಹಾಡುಗಳು ಸಿಗುವುದಿಲ್ಲ. ಹಾಗಾಗಿ ಎರಡರಲ್ಲೂ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ, ಡಿಸ್ಕಿನ ಯುಯುಐಡಿ ಸಂಖ್ಯೆಯನ್ನು ಕೊಟ್ಟು, ಒಂದೇ ಜಾಗಕ್ಕೆ ಅದು ಬಂದು ಕೂರುವಂತೆ ಬರೆದೆವು. ಡಿಸ್ಕು ಇಎಕ್ಸ್‌ಟಿ4 ಆಗಿರುವುದು ಒಳ್ಳೆಯದು. ವಿಂಡೋಸಿನ ಎನ್‌ಟಿಎಫ್‌ಎಸ್ ಆದರೆ ಮುಂದಿನ ಹೆಜ್ಜೆ ತೊಡಕಾಗುತ್ತದೆ.

ಎರಡನೆಯದು ಒಡೆತನ. ಒಂದು ಕಡತ ಯಾರದು ಎಂಬುದನ್ನು ಲಿನಕ್ಸ್ ಹೆಸರಿನಿಂದ ಬರೆದಿಡುವುದಿಲ್ಲ, ಸಂಖ್ಯೆಯಿಂದ ಬರೆದಿಡುತ್ತದೆ. ಜೆಲ್ಲಿಫಿನ್ ಹಾಕಿದಾಗ ಅದೇ ಹೆಸರಿನ ಒಬ್ಬ ಬಳಕೆದಾರ ಹುಟ್ಟಿಕೊಳ್ಳುತ್ತಾನೆ, ಆಗ ಖಾಲಿ ಇರುವ ಯಾವುದೋ ಸಂಖ್ಯೆ ಅವನಿಗೆ ಸಿಗುತ್ತದೆ. ನನ್ನಲ್ಲಿ ಅದು 112 ಆಗಿತ್ತು, ಮಗಳಲ್ಲಿ 126. ಹೆಸರು ಒಂದೇ, ಆಧಾರ್ ನಂಬರ್ ಬೇರೆ. ಡೆಬಿಯನ್ನಿನ 112 ಬರೆದ ಕಡತವನ್ನು ಉಬುಂಟುವಿನ 126 ಮುಟ್ಟಲಾರ. ಇನ್ನೂ ಕೆಟ್ಟದ್ದೆಂದರೆ, ಉಬುಂಟುವಿನಲ್ಲಿ 112 ಬೇರೆ ಯಾವುದೋ ಕೆಲಸದವನ ಸಂಖ್ಯೆ, ಅವನಿಗೆ ನಮ್ಮ ಹಗೇವಿನ ಕೀಲಿ ಸಿಕ್ಕಂತೆ. ಎರಡರಲ್ಲೂ ಖಾಲಿ ಇದ್ದ ಒಂದು ಸಂಖ್ಯೆಯನ್ನು ಹುಡುಕಿ, ಯೂಸರ್‌ಮಾಡ್ ಮತ್ತು ಗ್ರೂಪ್‌ಮಾಡ್ ಆಜ್ಞೆಗಳಿಂದ ಇಬ್ಬರಿಗೂ ಅದನ್ನೇ ಕೊಟ್ಟು, ಕಡತಗಳ ಒಡೆತನವನ್ನೂ ಆ ಸಂಖ್ಯೆಗೆ ಬರೆದೆವು. ಈ ಕೆಲಸ ಮಾಡಿದ್ದು ಮಗಳೇ. "ಅನುಮತಿ ಎಲ್ಲರಿಗೂ ಬಿಟ್ಟುಬಿಟ್ರೆ ಆಯ್ತಲ್ಲ" ಎಂದು ನಾನು ಅಂದಾಗ, "ಅಪ್ಪಾ, ಮನೆ ಬಾಗಿಲು ಕಿತ್ತು ಹಾಕಿದ್ರೆ ಬೀಗದ ತಲೆನೋವೇ ಇರಲ್ಲ ಅಂದ ಹಾಗಾಯ್ತು" ಎಂದಳು.

ಮೂರನೆಯದು ಏನನ್ನು ಹಂಚಿಕೊಳ್ಳಬೇಕು, ಏನನ್ನು ಬೇಡ ಎಂಬುದು. ಡೆಬಿಯನ್, ಉಬುಂಟು ಎರಡರಲ್ಲೂ ಜೆಲ್ಲಿಫಿನ್ ತನ್ನ ಸಾಮಾನನ್ನು ನಾಲ್ಕು ಕಡೆ ಇಡುತ್ತದೆ: ಡೇಟಾ, ಸೆಟ್ಟಿಂಗ್, ಕ್ಯಾಶೆ, ಲಾಗ್. ಮೊದಲೆರಡನ್ನು ಮಾತ್ರ ದೊಡ್ಡ ಡಿಸ್ಕಿಗೆ ಸಾಗಿಸಿದೆವು. ಎಲ್ಲಿ ನೋಡಬೇಕೆಂದು ಜೆಲ್ಲಿಫಿನ್ನಿಗೆ ಹೇಳುವ ಸಾಲುಗಳು ಎಟ್ಸೆಟೆರಾ ಫೋಲ್ಡರಿನ ಡೀಫಾಲ್ಟ್ ಎಂಬ ಜಾಗದಲ್ಲಿರುತ್ತವೆ, ಎರಡೂ ಕಡೆ ಅವನ್ನು ಬದಲಿಸಿದರೆ ಸಾಕು. ಕ್ಯಾಶೆ, ಲಾಗ್ ಅವರವರ ಮನೆಯಲ್ಲೇ ಇರಲಿ, ಅವು ಎಂಜಲು ಬಟ್ಟಲುಗಳು. ಸರ್ವರನ್ನು ಪೂರ್ತಿ ನಿಲ್ಲಿಸಿದ ಮೇಲೆಯೇ ನಕಲು ಮಾಡಬೇಕು. ಅದರ ಡೇಟಾಬೇಸ್ ಎಸ್‌ಕ್ಯೂಲೈಟ್ ಮಾದರಿಯದು, ನಡೆಯುತ್ತಿರುವಾಗ ಹೊಸ ಬರಹದ ಸ್ವಲ್ಪ ಭಾಗ ಪಕ್ಕದ ಇನ್ನೊಂದು ಕಡತದಲ್ಲಿ ಕಾದಿರುತ್ತದೆ. ಸರ್ವರಿನ ಸ್ವಂತ ಗುರುತಿನ ಸಂಖ್ಯೆಯೂ ಈ ಡೇಟಾ ಫೋಲ್ಡರಿನಲ್ಲೇ ಇರುವುದರಿಂದ, ಈಗ ಟೀವಿಗೆ ಎರಡೂ ಒಂದೇ ಸರ್ವರ್. ಮಗಳ ಹಳೆಯ ಡೇಟಾಬೇಸನ್ನು ಬಿಟ್ಟು, ಅವಳಿಗೆ ಈ ಹೊಸದರಲ್ಲಿ ಒಂದು ಖಾತೆ ಮಾಡಿಕೊಟ್ಟೆವು. ತನ್ನ ತೆಲುಗು ಹಾಡಿನ ಪಟ್ಟಿಗಳನ್ನು ಅವಳು ಗೊಣಗದೆ ಮತ್ತೆ ಮಾಡಿಕೊಂಡಳು.

ನಾಲ್ಕನೆಯದು ವಯಸ್ಸು. ಎರಡೂ ಕಡೆ ಜೆಲ್ಲಿಫಿನ್ನಿನ ಆವೃತ್ತಿ ಒಂದೇ ಇರಬೇಕು. ಹೊಸ ಆವೃತ್ತಿ ಮೊದಲ ಸಲ ಎದ್ದಾಗ ಡೇಟಾಬೇಸನ್ನು ತನ್ನ ಹೊಸ ಅಳತೆಗೆ ಹೊಲಿದುಕೊಳ್ಳುತ್ತದೆ, ಆಮೇಲೆ ಹಳೆಯ ಆವೃತ್ತಿಗೆ ಆ ಅಂಗಿ ಹಿಡಿಸುವುದಿಲ್ಲ. 2025ರ ಅಕ್ಟೋಬರಿನಲ್ಲಿ ಬಂದ 10.11 ಅಂತೂ ಡೇಟಾಬೇಸಿನ ಕಟ್ಟಡವನ್ನೇ ಬದಲಿಸಿತು. ಉಬುಂಟು ತನ್ನ ಪಾಡಿಗೆ ಹೊಸದಕ್ಕೆ ಏರಿ, ಮರುದಿನ ಡೆಬಿಯನ್ನಿನ ಹಳೆಯದು ಅದನ್ನು ತೆರೆಯಲು ಹೋದರೆ ಏನಾಗುತ್ತದೆಂದು ನೋಡುವ ಆಸೆ ನಮಗಿರಲಿಲ್ಲ. ಎರಡರಲ್ಲೂ ಆಪ್ಟ್‌ಮಾರ್ಕ್ ಹೋಲ್ಡ್ ಎಂಬ ಆಜ್ಞೆಯಿಂದ ಜೆಲ್ಲಿಫಿನ್ ತಾನಾಗಿ ಬದಲಾಗದಂತೆ ಕಟ್ಟಿಹಾಕಿದ್ದೇವೆ. ಬದಲಿಸುವುದಿದ್ದರೆ ಒಂದೇ ದಿನ, ಇಬ್ಬರೂ ಕೂತು, ಮೊದಲು ಇಡೀ ಫೋಲ್ಡರಿನ ನಕಲು ತೆಗೆದಿಟ್ಟು.

ಐದನೆಯದು ನಿದ್ದೆ. ಒಂದು ಲಿನಕ್ಸನ್ನು ಹೈಬರ್ನೇಟ್ ಮಾಡಿ ಇನ್ನೊಂದನ್ನು ತೆರೆಯಬಾರದು. ಮಲಗಿರುವುದು ಡಿಸ್ಕು ತಾನು ಬಿಟ್ಟಂತೆಯೇ ಇದೆ ಎಂದು ನಂಬಿಕೊಂಡು ಮಲಗಿರುತ್ತದೆ. ಎದ್ದ ಮೇಲೆ ಆ ಹಳೆಯ ನಂಬಿಕೆಯ ಮೇಲೆಯೇ ಬರೆಯಲು ಶುರುಮಾಡಿದರೆ ಡಿಸ್ಕಿನ ಲೆಕ್ಕಪುಸ್ತಕವೇ ಹಾಳಾಗುತ್ತದೆ. ನಾವು ಎರಡರಲ್ಲೂ ಆ ಸೌಲಭ್ಯವನ್ನೇ ತೆಗೆದಿದ್ದೇವೆ. ಬದಲಿಸುವಾಗ ಪೂರ್ತಿ ಮುಚ್ಚಿಯೇ ಬದಲಿಸುತ್ತೇವೆ.

ಆರನೆಯದು ಗೈರುಹಾಜರಿ. ಯಾವುದೋ ಕಾರಣಕ್ಕೆ ದೊಡ್ಡ ಡಿಸ್ಕು ಸಮಯಕ್ಕೆ ಎಚ್ಚರವಾಗದಿದ್ದರೆ, ಅದು ಇರಬೇಕಾದ ಜಾಗದಲ್ಲಿ ಖಾಲಿ ಫೋಲ್ಡರ್ ಇರುತ್ತದೆ. ಜೆಲ್ಲಿಫಿನ್ ಅದನ್ನು ಕಂಡು, ತಾನು ಇವತ್ತೇ ಹುಟ್ಟಿದೆ ಎಂದು ತಿಳಿದು "ಸ್ವಾಗತ, ಭಾಷೆ ಆರಿಸಿಕೊಳ್ಳಿ" ಎಂದು ಶುರುಮಾಡುತ್ತದೆ. ಅಪ್ಪನ ಎದುರು ಆ ಪರದೆ ಬರಕೂಡದು. ಹಾಗಾಗಿ ಆ ಡಿಸ್ಕು ಬಂದು ಕೂತಿದ್ದರೆ ಮಾತ್ರ ಜೆಲ್ಲಿಫಿನ್ ಏಳಬೇಕು ಎಂಬ ಷರತ್ತನ್ನು ಸಿಸ್ಟಮ್‌ಡಿಗೆ ಒಂದು ಸಾಲಿನಲ್ಲಿ ಬರೆದಿದ್ದೇವೆ. ಏನೂ ಕಾಣದಿದ್ದರೆ ಅಪ್ಪ ನನಗೆ ಫೋನ್ ಮಾಡುತ್ತಾರೆ, ಸುಳ್ಳು ಕಂಡರೆ ಸುಮ್ಮನೆ ಕೂರುತ್ತಾರೆ. ಮೊದಲನೆಯದೇ ವಾಸಿ.

ಕೊನೆಗೆ ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ಒಂದು ತೊಡಕು. ಹುಡುಕಿದರೆ ಕೆಲವು ರಿವಾಯತ್ ಪದಗಳು ಸಿಗುತ್ತಿದ್ದವು, ಕೆಲವು ಸಿಗುತ್ತಿರಲಿಲ್ಲ. ಕಣ್ಣಿಗೆ ಎಲ್ಲವೂ ಒಂದೇ. ಅರ್ಧಾಕ್ಷರದ ಮುಂದೆ ಒತ್ತು ಬೀಳದಂತೆ ತಡೆಯಲು ನಾವು ಹಾಕುವ, ಕಾಣಿಸದ ಒಂದು ಅಕ್ಷರವಿದೆ. ಕೆಲವು ಹೆಸರುಗಳ ತುದಿಗೆ ಅದು ಅಂಟಿಕೊಂಡಿತ್ತು, ಕೆಲವಕ್ಕೆ ಇರಲಿಲ್ಲ. ನನ್ನದು ಒಂದು ಕೀಲಿಮಣೆ ವಿನ್ಯಾಸ, ಮಗಳದು ಇನ್ನೊಂದು. ಒಂದು ಭಾನುವಾರ ಕೂತು ಎಲ್ಲ ಹೆಸರನ್ನೂ ಒಂದೇ ಬಗೆಗೆ ತಂದೆವು.

ಇಷ್ಟೆಲ್ಲ ಮಾಡಿದ ಮೇಲೆ ಮಗಳು ಇನ್ನೊಂದು ಪ್ರಶ್ನೆ ಕೇಳಿದಳು: "ನಾಳೆ ಜೆಲ್ಲಿಫಿನ್ನೇ ಇಲ್ಲದಿದ್ರೆ?" ಅದೂ ಸರಿಯೇ. ಎಂಬಿ ಬಾಗಿಲು ಮುಚ್ಚಿದ್ದರಿಂದಲೇ ಹುಟ್ಟಿದ ಮನೆ ಇದು. ಫ್ಲ್ಯಾಕ್ ಕಡತದ ಒಳಗೇ ಹಾಡಿನ ಹೆಸರು, ಹಾಡಿದವರು, ಟಿಪ್ಪಣಿ ಬರೆಯಲು ಜಾಗವಿದೆ. ಕಿಡ್3 ಎಂಬ ಪುಟ್ಟ ತಂತ್ರಾಂಶದಿಂದ ಅಪ್ಪ ಹೇಳಿದ್ದನ್ನೆಲ್ಲ ಆಯಾ ಕಡತದೊಳಕ್ಕೇ ಸೇರಿಸುತ್ತಿದ್ದೇವೆ. ಆಗ ಹಾಡು ಎಲ್ಲಿಗೆ ಹೋದರೂ ಹಾಡಿದವಳ ಹೆಸರು ಅದರ ಜೊತೆಗೇ ಹೋಗುತ್ತದೆ. ಡೇಟಾಬೇಸಿಗೆ ಉಳಿದದ್ದು ಅಪ್ಪನ ಹೃದಯದ ಗುರುತುಗಳು ಮತ್ತು ಪಟ್ಟಿಗಳು.

ಡಿಸ್ಕನ್ನು ಭಾಗ ಮಾಡುವುದಕ್ಕೆ ಪಾರ್ಟಿಷನ್ ಎನ್ನುತ್ತಾರೆ ಎಂದು ಅಪ್ಪನಿಗೆ ಹೇಳಿದಾಗ ಅವರಿಗೆ ನಗು ಬಂತು. ಹೊಲ ಪಾಲಾದದ್ದಕ್ಕೂ, ದೇಶ ಪಾಲಾದದ್ದಕ್ಕೂ ಅವರು ಕೇಳಿದ ಶಬ್ದ ಅದೇ. ಅವರು ಹುಟ್ಟಿದ್ದು 1943ರಲ್ಲಿ, ಆಗ ರಾಯಚೂರಿಗೆ ಹೈದರಾಬಾದೇ ರಾಜಧಾನಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಮರಾಠಿಯವು ಮುಂಬಯಿ ರಾಜ್ಯಕ್ಕೆ, ರಾಯಚೂರು, ಗುಲ್ಬರ್ಗಾ, ಬೀದರ್ ಮೈಸೂರಿಗೆ ಸೇರಿದವು. "ನಾ ಊರು ಬಿಟ್ಟಿಲ್ಲ, ನಮ್ಮ ಊರೇ ನನ್ನ ಬಿಟ್ಟು ಮೈಸೂರು ಕಡಿಗಿ ಹೋತು. ಈಗ ಮತ್ತ ಹಳೇ ರಾಜಧಾನಿಗಿ ಬಂದೀನಿ" ಎನ್ನುತ್ತಾರೆ. ಪಾಲಾದ ಮೇಲೂ ಹಗೇವು ಒಂದೇ ಇತ್ತೆಂಬುದಕ್ಕೆ ಅವರ ಕ್ಯಾಸೆಟ್ಟುಗಳೇ ಸಾಕ್ಷಿ. ಅದರೊಳಗಿನ ರಿವಾಯತ್ ಪದಗಳಲ್ಲಿ ಕರ್ಬಲಾದ ಕತೆ ಇದೆ, ಕನ್ನಡ ಇದೆ, ನಡುನಡುವೆ ದಖನಿ ಇದೆ. ಹಾಡಿದವರಲ್ಲಿ ಹೆಚ್ಚಿನವರು ಹಿಂದೂಗಳು ಎಂದು ಅಪ್ಪ ಹೇಳಿ ನನಗೆ ಗೊತ್ತಾಯಿತು.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋದಾಗ ಈ ಮಾತು ತೆಗೆದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ತಮ್ಮ ಅಟ್ಟದ ಮೇಲೂ ಅಂಥ ಒಂದು ಡಬ್ಬಿ ಇದೆ, ತೆಗೆಯಲು ಪುರಸೊತ್ತಿಲ್ಲ ಎಂದರು. ನಿಮ್ಮ ಮನೆಯಲ್ಲೂ ಇರಬಹುದು: ಬೆಂಗಳೂರಲ್ಲಿ, ಪುಣೆಯಲ್ಲಿ, ಮುಂಬಯಿಯಲ್ಲಿ. ಎರಡು ಲಿನಕ್ಸ್, ಒಂದು ಸರ್ವರ್ ಎಲ್ಲ ನಿಮಗೆ ಬೇಕಾಗದೆ ಇರಬಹುದು, ಒಂದು ನೋಟ್ ಪುಸ್ತಕವೂ ಸಾಕು. ಟೇಪು ಇನ್ನೂ ಕೆಲವು ವರ್ಷ ತಾಳೀತು. ದನಿ ಗುರುತಿಸುವವರು ಇರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿ. ಮತ್ತು ಅವರು ಹೇಳಿದ್ದನ್ನು ಎಲ್ಲಿ ಬರೆದಿಟ್ಟಿದ್ದೀರಿ ಎಂಬುದು, ಅವರು ಯಾವ ದಿನ ಬಂದು ನೋಡಿದರೂ, ಅವರಿಗೆ ಒಂದೇ ಥರ ಕಾಣುವಂತೆ ಇರಲಿ.

ಅಪ್ಪ ಈಗ ಯಾವ ಲಿನಕ್ಸ್ ನಡೆಯುತ್ತಿದೆ ಎಂದು ಕೇಳುವುದಿಲ್ಲ, ಅವರಿಗದು ಬೇಕಾಗಿಯೂ ಇಲ್ಲ. 38ರಲ್ಲಿ 21 ಕ್ಯಾಸೆಟ್ಟುಗಳ ಹೆಸರು ಬರೆದಾಗಿದೆ. ಹದಿನೇಳು ಉಳಿದಿವೆ. ಅವ್ವ ಹಾಡಿದ್ದು 9ನೆಯದರಲ್ಲಿದೆ, ಅದಕ್ಕೆ ಅಪ್ಪ ಹೃದಯದ ಗುರುತು ಒತ್ತಿಲ್ಲ, ಒತ್ತದೆಯೂ ಅದು ಎಲ್ಲಿದೆ ಎಂದು ಅವರಿಗೆ ಗೊತ್ತು. ಮೊನ್ನೆ ಮಗಳು ಉಬುಂಟುವಿನಲ್ಲಿ ರೋಬಾಟ್ ಓಡಿಸುತ್ತಿದ್ದಾಗ ಅಪ್ಪ ಟೀವಿಯಲ್ಲಿ 12ನೆಯದನ್ನು ಹಾಕಿಕೊಂಡು, ಅಲ್ಲಿ ಬರೆದಿದ್ದ ಹೆಸರನ್ನು ಓದಿ, "ಇದು ತಪ್ಪು ಬರದೀರಿ. ಈಕಿ ಅಕ್ಕ ಅಲ್ಲ, ತಂಗಿ" ಎಂದರು. ಗದ್ದಲವಿಲ್ಲದೆ, ಖಾತ್ರಿಯಿಂದ. ಮಗಳು ಅಲ್ಲೇ ತಿದ್ದಿದಳು.